ಒತ್ತಕ್ಷರ ನುಂಗಿದ ಕಂಪ್ಯೂಟರ್

ಚನ್ನಗಿರಿಯಲ್ಲಿ ಇಪ್ಪತ್ತು ವರ್ಷ ಉಳಿ, ಗರಗಸ ಹಿಡಿದು ಮಂಚ, ಬಾಗಿಲು, ಕಪಾಟು ಮಾಡಿಕೊಂಡಿದ್ದ ನಾನು ಹೋದ ವರ್ಷ ಸಿಎನ್‌ಸಿ ರೂಟರ್ ತಂದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಸಾಕು, ಯಂತ್ರ ಗಿರಗಿರ ತಿರುಗಿ ಅದನ್ನೇ ಹಲಗೆಯಲ್ಲಿ ಕೊರೆಯುತ್ತದೆ. ಚಿತ್ರ ಬರೆಯಲು ಒಂದು ಸಾಫ್ಟ್‌ವೇರ್ ಆರಿಸಬೇಕು, ಅಷ್ಟೇ. ಅದೇನು ಮಹಾ! ಸಂತೆಯಲ್ಲಿ ಬದನೆಕಾಯಿ ಆರಿಸಿದ ದೀರ್ಘ ಅನುಭವ ನನಗಿತ್ತು.

ಮೊದಲನೇ ಸಾಫ್ಟ್‌ವೇರಿನಲ್ಲಿ ಕಪಾಟನ್ನು ಸುತ್ತಲೂ ತಿರುಗಿಸಿ ನೋಡಬಹುದಂತೆ. ತಿರುಗಿಸಿದೆ. ಕಪಾಟು ತಲೆಕೆಳಗಾಯಿತು. ಇನ್ನೊಮ್ಮೆ ತಿರುಗಿಸಿದೆ. ನಾನೇ ಕಪಾಟಿನೊಳಗೆ ಹೋಗಿಬಿಟ್ಟೆ! ಎತ್ತ ನೋಡಿದರೂ ಹಲಗೆ. ಮಧ್ಯಾಹ್ನವಾದರೂ ಹೊರಗೆ ಬರುವ ದಾರಿ ಸಿಗಲಿಲ್ಲ.

"ಊಟಕ್ಕೆ ಹೊರಗೆ ಬರ್ತೀರೋ, ಕಪಾಟಿನೊಳಗೇ ಕೊಡಲೋ?" ಅಂದಳು ಹೆಂಡತಿ ಮಂಜುಳಾ.

ಎರಡನೆಯದರಲ್ಲಿ ಗುಂಡಿಗಳೇ ನಾಲ್ಕೈದು. "ಇದು ಮಕ್ಕಳಾಟ" ಎಂದು ಘನತೆಯಿಂದ ತಿರಸ್ಕರಿಸಿದೆ. ಮೂರನೆಯದರಲ್ಲಿ ಗುಂಡಿಗಳು ಎಷ್ಟಿದ್ದವೆಂದರೆ ಚಿತ್ರ ಬರೆಯಲು ಜಾಗವೇ ಉಳಿದಿರಲಿಲ್ಲ. ತಜ್ಞರಿಗೆ ತಕ್ಕದ್ದು! ಅದನ್ನೇ ಆರಿಸಿದೆ.

ಅದೇ ವಾರ ಸಾಸ್ವೆಹಳ್ಳಿಯಿಂದ ಗಿರಿಜಮ್ಮ ಟೀಚರ್ ಬಂದರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು, ಈಗ ನಿವೃತ್ತರು. ಮನೆಯ ಪಡಸಾಲೆಯಲ್ಲೇ ಊರ ಮಕ್ಕಳಿಗೆ ಓದುವ ಕೋಣೆ ತೆರೆಯುತ್ತಿದ್ದರು. ಭಾನುವಾರವೇ ಪ್ರಾರಂಭ. ಅದಕ್ಕೊಂದು ದೊಡ್ಡ ಪುಸ್ತಕದ ಕಪಾಟು, ಅದರ ನೆತ್ತಿಯ ಮೇಲೆ 'ಪುಸ್ತಕ ಪ್ರೀತಿ' ಅಂತ ಅಕ್ಷರ ಬೇಕಿತ್ತು.

"ರುದ್ರೇಶಾ, ಅಕ್ಷರ ತಪ್ಪಬಾರ್ದು. ನಿನ್ನ ಬರವಣಿಗೆ ನನಗೆ ಗೊತ್ತೈತೆ."

"ಟೀಚರ್, ಈಗ ಬರೆಯೋನು ನಾನಲ್ಲ. ಕಂಪ್ಯೂಟರ್!"

ಕಪಾಟು ಸೊಗಸಾಗಿ ಆಯಿತು. ಕೊನೆಗೆ ಹೆಸರು ಟೈಪ್ ಮಾಡಿ, ಪರದೆಯನ್ನು ಸರಿಯಾಗಿ ನೋಡದೆ, ಒಳ್ಳೆಯ ಸಾಗುವಾನಿ ಹಲಗೆ ಇಟ್ಟು ಯಂತ್ರ ಬಿಟ್ಟೆ. ಪುಡಿ ಜಾಡಿಸಿ ನೋಡಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ನಿಂತಿದ್ದವು. ಸಾಫ್ಟ್‌ವೇರಿಗೆ ಕನ್ನಡದ ಒತ್ತಕ್ಷರವೇ ಗೊತ್ತಿಲ್ಲ!

ಮಂಜುಳಾ ಬಗ್ಗಿ ಓದಿದಳು. "ಪುಸ್‌... ತಕ. ಪ್‌... ರೀತಿ. ಇದೇನ್ರೀ, ಕುಕ್ಕರ್ ಕೂಗಿದಂಗೈತೆ!"

ನಾನು ಧೃತಿಗೆಡಲಿಲ್ಲ. ಧೃತಿಗೆಟ್ಟಿದ್ದರೆ ಒಂದು ಹಲಗೆಯಾದರೂ ಉಳಿಯುತ್ತಿತ್ತು. ಒತ್ತು ಬರದಿದ್ದರೇನು, ನಾನೇ ಮಾಡುತ್ತೇನೆ! 'ತ' ಅಕ್ಷರವನ್ನು ಚಿಕ್ಕದು ಮಾಡಿ 'ಸ' ಕೆಳಗೆ ತಳ್ಳಿದೆ. ಪುಟಾಣಿ 'ರೀ' ಒಂದನ್ನು 'ಪ' ಕೆಳಗೆ ಕೂರಿಸಿದೆ. ಎರಡನೇ ಹಲಗೆಯೂ ಕೊರೆದಾಯಿತು. ಅಕ್ಷರಗಳು ಮರಿ ಹಾಕಿದಂತೆ ಕಾಣುತ್ತಿದ್ದವು.

ಅಷ್ಟರಲ್ಲಿ ಟೀಚರ್ ಬಸ್ಸಿಳಿದು ಬಂದೇಬಿಟ್ಟರು. ಹಲಗೆ ಬಚ್ಚಿಡಲು ಹೋದೆ. ಆರಡಿ ಹಲಗೆ ಎಲ್ಲಿ ಬಚ್ಚಿಡಲು ಆಗುತ್ತದೆ? ಅವರು ಕನ್ನಡಕ ಒರೆಸಿಕೊಂಡು ನಿಧಾನಕ್ಕೆ ಓದಿದರು.

"ರುದ್ರೇಶಾ, ತ ಒತ್ತು ಅಂದ್ರೆ ತ ಅಕ್ಷರದ ಮರಿ ಅಲ್ಲ ಕಣೋ."

ನಲವತ್ತಾರು ವರ್ಷದ ನಾನು ಕೈಕಟ್ಟಿ ನಿಂತೆ. ಕಿವಿ ತನ್ನಷ್ಟಕ್ಕೇ ಕೆಂಪಾಯಿತು. ಭಾನುವಾರಕ್ಕೆ ಉಳಿದದ್ದು ಎರಡೇ ದಿನ. ಸಾಗುವಾನಿ ಉಳಿದದ್ದು ಒಂದೇ ಹಲಗೆ.

ಮಂಜುಳಾ ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಹಿಂದಿನ ಬಿಳಿ ಭಾಗ ಮೇಲೆ ಮಾಡಿ ಅವರ ಮುಂದಿಟ್ಟಳು. "ಟೀಚರೇ, ನೀವೇ ಬರೆದುಕೊಡ್ರಿ. ಇವರ ಆ ಮಕ್ಕಳಾಟದ ಸಾಫ್ಟ್‌ವೇರಿನಾಗೆ ಫೋಟೋ ಹಾಕಿದ್ರೆ ಗೆರೆ ಎಳೀತದೆ. ಮೊನ್ನೆ ನನ್ನ ರಂಗೋಲಿ ಹಾಕಿ ನೋಡಿದೀನಿ."

ನಾನು ಊಟ ಮಾಡಿ ಮಲಗಿದ್ದಾಗ ಈಕೆ ಕಲಿತಿದ್ದಾಳೆ!

ಟೀಚರ್ ದಪ್ಪ ಪೆನ್ನಿನಲ್ಲಿ ಬರೆದರು. ಮಂಜುಳಾ ಫೋಟೋ ತೆಗೆದು ಎರಡು ಗುಂಡಿ ಒತ್ತಿದಳು. ಈ ಸಲ ಮೂವರೂ ಪರದೆಗೆ ಮೂಗು ತಾಗಿಸಿ ಪರೀಕ್ಷಿಸಿದೆವು. ಯಂತ್ರ ಓಡಿತು. ಪುಡಿ ಸರಿಸಿದರೆ, ಹೈಸ್ಕೂಲಿನ ಕಪ್ಪು ಹಲಗೆಯ ಮೇಲೆ ನಾವು ದಿನಾ ನೋಡುತ್ತಿದ್ದ ಟೀಚರ ಅದೇ ದುಂಡನೆಯ ಅಕ್ಷರ! ಒತ್ತಿನ ಕೊನೆಯ ಬಾಲ ಸಹಿತ!

ಟೀಚರ್ ಬೆರಳಾಡಿಸಿ ನೋಡಿ, "ಸರಿ ಐತೆ" ಅಂದರು. ಐದು ವರ್ಷದ ಹೈಸ್ಕೂಲಿನಲ್ಲಿ (ಮೂರು ವರ್ಷದ್ದನ್ನು ನಾನು ಐದು ಮಾಡಿದ್ದೆ) ನನಗೆ ಸಿಗದಿದ್ದ ಸರ್ಟಿಫಿಕೇಟು!

ಭಾನುವಾರ ಸಾಸ್ವೆಹಳ್ಳಿಯಲ್ಲಿ ಜನ ಪುಸ್ತಕಕ್ಕಿಂತ ಮೊದಲು ಕಪಾಟನ್ನೇ ಮುಟ್ಟಿ ನೋಡಿದರು. ನ್ಯಾಮತಿಯವರೊಬ್ಬರು ಬಾಗಿಲ ಮೇಲೆ ತಮ್ಮ ಅಪ್ಪನ ಕೈಬರಹ ಬೇಕೆಂದರು. ಹೊನ್ನಾಳಿಯವರು ತೊಟ್ಟಿಲಿಗೆ ಅಜ್ಜಿಯ ಅಕ್ಷರ ಕೇಳಿದರು. ಸಂತೋಷಕ್ಕೆ ನನ್ನ ಅಂಗಿ ಬಿಗಿಯಾಯಿತು.

ನಿನ್ನೆ ಜಗಳೂರಿನ ಬಡಗಿಯೊಬ್ಬರು ಫೋನ್ ಮಾಡಿ, "ಅಣ್ಣಾರೆ, ಯಂತ್ರ ತಂದೀನಿ, ಯಾವ ಸಾಫ್ಟ್‌ವೇರ್ ಆರಿಸಲಿ?" ಅಂದರು. ಆರಿಸುವ ಕಲೆಯ ಬಗ್ಗೆ ಅರ್ಧ ಗಂಟೆ ಗಂಭೀರ ಉಪನ್ಯಾಸ ಕೊಟ್ಟೆ. ಅವರು ಎಲ್ಲ ಕೇಳಿ, "ಅದರ ಹೆಸರೇನಣ್ಣ?" ಅಂದರು.

ಪರದೆಯ ಎಡಗಡೆ ಮೂಲೆಯ ನೀಲಿ ಚಿತ್ರ, ಅದನ್ನು ಒತ್ತಿದರೆ ತೆರೆಯುತ್ತದೆ. ನನಗೆ ಗೊತ್ತಿರೋದು ಅಷ್ಟೇ!

"ಒಂದ್ನಿಮಿಷ ಇರ್ರಿ," ಎಂದು ಫೋನನ್ನು ಮಂಜುಳಾ ಕೈಗೆ ಕೊಟ್ಟೆ.