ಮಗ್ಗ ನಿಲ್ಲಿಸಿದ ಚಹಾ

ಚಹಾ ಮಾಡುವುದು ಬೇರೆ, ಚಹಾದ ಮೇಲೆ ಸೇಡು ತೀರಿಸಿಕೊಳ್ಳುವುದು ಬೇರೆ. ಇಷ್ಟು ಸಣ್ಣ ಸಂಗತಿ ನನ್ನ ಧರ್ಮಪತ್ನಿ ಶೇವಂತಿಗೆ ಮದುವೆಯಾದಾಗಿನಿಂದ ತಿಳಿದಿಲ್ಲ. ನೀರು, ಹಾಲು, ಸಕ್ಕರೆ, ಚಹಾಪುಡಿ, ಜಜ್ಜಿದ ಶುಂಠಿ ಎಲ್ಲವನ್ನೂ ಒಟ್ಟಿಗೇ ಪಾತ್ರೆಗೆ ಸುರುವಿ, ಒಲೆಯ ಮೇಲಿಟ್ಟು, ಪಕ್ಕದ ಮನೆಯ ಪದ್ಮವ್ವನ ಜೊತೆ ಮಾತಿಗೆ ಹೋಗಿಬಿಡುತ್ತಾಳೆ. ಆ ಮಾತು ಮುಗಿಯುವ ಹೊತ್ತಿಗೆ (ಮುಗಿಯುವುದೆಂದರೆ ಪದ್ಮವ್ವನ ಮನೆಯಲ್ಲಿ ಹಾಲು ಉಕ್ಕಿದಾಗ) ಒಲೆಯ ಮೇಲಿರುವುದು ಚಹಾ ಅಲ್ಲ, ನಮ್ಮ ಬನಹಟ್ಟಿಯಲ್ಲಿ ನೂಲಿಗೆ ಹಾಕುವ ಬಣ್ಣ. ಅದನ್ನೇ ಕಪ್ಪಿಗೆ ಸೋಸಿ ನನ್ನ ಮುಂದೆ ಕುಕ್ಕುತ್ತಾಳೆ. ಇಷ್ಟು ವರ್ಷ ಕುಡಿದಿದ್ದೇನೆ. ಮನುಷ್ಯನ ತಾಳ್ಮೆಗೂ ಒಂದು ಮಿತಿ ಬೇಡವೇ?

ಹೋದ ತಿಂಗಳು ಮೊಬೈಲಿನಲ್ಲಿ ಒಬ್ಬ ಮಹಾನುಭಾವ ಚಹಾ ಮಾಡುವುದನ್ನು ನೋಡಿದೆ. ನೀರು ಕುದಿಸಿ, ಒಲೆ ಆರಿಸಿ, ಪಿಂಗಾಣಿ ಕೆಟಲ್‌ನಲ್ಲಿ ಎಲೆಯ ಮೇಲೆ ಹೊಯ್ದು, ಮುಚ್ಚಳ ಮುಚ್ಚಿ ಸುಮ್ಮನಿರಬೇಕು. ಕುದಿಸಿದರೆ ಎಲೆಯ ಆತ್ಮ ಹೋಗುತ್ತದಂತೆ! ಹಾಲು ಬೇರೆ, ಸಕ್ಕರೆ ಬೇರೆ. ಮೊದಲ ಗುಟುಕನ್ನಂತೂ ಹಾಲಿಲ್ಲದೆ, ಸುತ್ತ ಗದ್ದಲವಿಲ್ಲದೆ ಸವಿಯಬೇಕು. ಮರುದಿನವೇ ಜಮಖಂಡಿಗೆ ಹೋಗಿ ಕೆಟಲ್ ತಂದೆ.

"ಇದೇನ್ರೀ, ಹೂವಿನ ಕುಂಡ?" ಎಂದಳು ಶೇವಂತಿ. ನಾನು ಪದ್ಧತಿಯನ್ನು ವಿವರಿಸಿದೆ. ಅವಳು ಸೊಂಟಕ್ಕೆ ಕೈ ಇಟ್ಟಳು.

"ಹಾಲಿಲ್ಲದ ಚಾ ಸತ್ತವ್ರ ಮನ್ಯಾಗ ಕೊಡ್ತಾರ್ರೀ!"

"ಸುಧಾರಿಸಿದ ಮಂದಿ ಹಂಗ ಕುಡೀತಾರ. ನಿನಗೇನ ಗೊತ್ತು?"

"ಆತು ಬಿಡ್ರಿ. ರವಿವಾರ ಬೀಳಗಿಯಿಂದ ನಮ್ಮಪ್ಪ ಬರಾಕತ್ತಾನ. ಅವನ ಬಾಯಿಂದ 'ಛಲೋ ಆಗೈತಿ' ಅನಸ್ರಿ, ಮನ್ಯಾಗ ಇನ್ನ ಮ್ಯಾಲ ನಿಮ್ಮ ಕುಂಡದ ಚಾನ. ಅನಲಿಲ್ಲಂದ್ರ ದಿನಾ ಮುಂಜಾನಿ ನೀವ ಎದ್ದು, ನಾ ಮಾಡಿದಂಗ ಕುದಿಸಿ, ಬಾಯಿ ಮುಚ್ಚಿಕೊಂಡು ನನಗ ಚಾ ಕೊಡಬೇಕು. ಒಪ್ಪಿಗಿ ಐತೇನು?"

ಒಪ್ಪದೆ ಏನು ಮಾಡಲಿ? ನನ್ನ ಮಾನದ ಪ್ರಶ್ನೆ.

ರವಿವಾರ ಬಂತು, ಮಾವ ಬಸಗೊಂಡಪ್ಪನವರೂ ಬಂದರು. ಹೊರಗಿನ ಕಟ್ಟೆಯ ಮೇಲೆ ಕೂರಿಸಿದೆ. ಆದರೆ ನಮ್ಮ ಗೋಡೆಗೆ ಹತ್ತಿಕೊಂಡೇ ಮುತ್ತಣ್ಣನ ಕರೆಂಟ್ ಮಗ್ಗಗಳು. ಅವನು ಪದ್ಮವ್ವನ ಗಂಡ. ಆ ಖಟಪಟದಲ್ಲಿ ಎಲೆಯ ಆತ್ಮ ಸವಿಯುವುದು ಹೇಗೆ? ಗಂಭೀರವಾಗಿ ಅವನ ಬಾಗಿಲಿಗೆ ಹೋದೆ.

"ಮುತ್ತಣ್ಣಾ, ಒಂದರ್ಧ ತಾಸು ಮಗ್ಗಾ ನಿಂದರಸ್ರಿ. ಯಾಕಂತ ಕೇಳಬ್ಯಾಡ್ರಿ."

ಅವನು ನನ್ನ ಮುಖ ನೋಡಿದ. (ಪಂದ್ಯದ ಚಿಂತೆಯಲ್ಲಿ ನಿದ್ದೆಗೆಟ್ಟ ಮುಖ.) ನನ್ನ ಕೈ ಹಿಡಿದುಕೊಂಡ. "ಇದನ್ನೂ ಹೇಳಬೇಕೇನ್ರಿ ಸರ? ಈಗ ನಿಂದರಸ್ತೇನಿ," ಎಂದು ಒಳಗೆ ಹೋಗಿ ಮಗ್ಗ ನಿಲ್ಲಿಸಿದ. ಚಹಾಕ್ಕೆ ಇಷ್ಟು ಮರ್ಯಾದೆ ನನ್ನ ಸ್ವಂತ ಮನೆಯಲ್ಲಿ ಇಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಕರೆಂಟ್ ಇದ್ದೂ ನಮ್ಮ ಓಣಿಯಲ್ಲಿ ಮಗ್ಗ ನಿಲ್ಲುವುದು ಯಾವಾಗ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ.

ಕೆಟಲ್‌ನಿಂದ ಮಾವನವರ ಕಪ್ಪಿಗೆ ಹೊಯ್ದೆ. ಅವರು ಒಳಗೆ ಇಣುಕಿದರು.

"ತಳಾ ಕಾಣಾಕತ್ತೈತಲ್ರೀ ಅಳಿಯಂದ್ರ?"

"ಅದ ಇದರ ದೊಡ್ಡಸ್ತನಾ, ಮಾವಾರ."

ಒಂದು ಗುಟುಕು ಕುಡಿದರು. ತಲೆ ತಗ್ಗಿಸಿದರು. ಸುಳ್ಳು ಹೇಳಿದವರಲ್ಲ, ಅಳಿಯನ ಮನಸ್ಸು ನೋಯಿಸುವವರೂ ಅಲ್ಲ; ಕಪ್ಪು ಹಿಡಿದು ನೆಲ ನೋಡುತ್ತ ಕುಳಿತರು. ಹೊಸ್ತಿಲಲ್ಲಿ ಶೇವಂತಿ ಸೆರಗು ಬಾಯಿಗೊತ್ತಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೆ, ನಿರ್ಲಜ್ಜೆ! ಕಣ್ಣಲ್ಲಿ ನೀರು ಬರುವಷ್ಟು!

ಅಷ್ಟರಲ್ಲಿ ಓಣಿಯ ಗಂಡಸರು ಒಬ್ಬೊಬ್ಬರೇ ಬಂದು, ಚಪ್ಪಲಿ ಬಿಟ್ಟು, ಮಾತಿಲ್ಲದೆ ಕಟ್ಟೆಯ ಮೇಲೆ ಕುಳಿತರು. ಪರಿಮಳಕ್ಕೆ ಬಂದರೆಂದು ನಾನು ಹಿಗ್ಗಿ ಎಲ್ಲರಿಗೂ ಹೊಯ್ದು ಕೊಟ್ಟೆ. ತಲೆ ಬಾಗಿಸಿ ತೆಗೆದುಕೊಂಡರು. ಹಾಲೆಲ್ಲಿ ಎಂದು ಒಬ್ಬರಾದರೂ ಕೇಳಲಿ! ನೋಡಿದೆಯಾ ಎಂಬಂತೆ ಶೇವಂತಿಗೆ ಹುಬ್ಬು ಹಾರಿಸಿದೆ. ಮುತ್ತಣ್ಣನಂತೂ ಒಂದು ಗುಟುಕಿಗೇ ಕಣ್ಣು ಒರೆಸಿಕೊಂಡ.

ಆಗ ಬಂದಳು ಪದ್ಮವ್ವ, ಕೈಯಲ್ಲಿ ದೊಡ್ಡ ಸ್ಟೀಲ್ ಕ್ಯಾನು.

"ಅಯ್ಯ ಶೇವಂತೀ! ಯಾರು ಹೋದ್ರ ಯವ್ವಾ? ನೀವು ಒಲಿ ಹಚ್ಚಬ್ಯಾಡ್ರಿ, ಚಾ ನಾನ ಮಾಡಿಕೊಂಡ ಬಂದೇನಿ!"

"ಯಾರೂ ಹೋಗಿಲ್ರೀ! ಏನ ಮಾತಾಡ್ತೀರಿ?" ಎಂದು ಕೂಗಿದೆ.

ಮುತ್ತಣ್ಣ ಎದ್ದು ನಿಂತ. "ಮತ್ತ ಮಂದಿ ಸತ್ತಾಗಷ್ಟ ನಿಲ್ಲೂ ಮಗ್ಗಾ ಯಾಕ ನಿಂದರಸಂದ್ರಿ? ಹಾಲಿಲ್ಲದ ಚಾ ಯಾಕ ಕೊಟ್ರಿ? ಅಕ್ಕಾರು ಅಳಾಕತ್ತಿದ್ರಲ್ಲ? ಯಾರ ಸತ್ತಾರ ಗೊತ್ತಿಲ್ದ ನಾ ಇಷ್ಟೊತ್ತು ಕಣ್ಣೀರ ಹಾಕೇನ್ರೀ ಸರ!"

"ನಮ್ಮನಿ ಚಾ ತೀರಿಕೊಂಡೈತ್ರೀ ಅಣ್ಣಾರ," ಎಂದವಳೇ ಶೇವಂತಿ ತಡೆಯಲಾರದೆ ಹೊಸ್ತಿಲಲ್ಲೇ ಕುಸಿದು ನಕ್ಕಳು.

ಓಣಿಗೆ ಓಣಿಯೇ ನಕ್ಕಿತು. ನನ್ನ ಚಹಾ ಕಟ್ಟೆಯ ಪಕ್ಕದ ತುಳಸಿಗೂ ಅಲ್ಲ, ಗಟಾರಕ್ಕೆ ಹೋಯಿತು. ಪದ್ಮವ್ವನ ಕ್ಯಾನು ಬಾಯ್ದೆರೆಯಿತು. ಮಾವ ಕಪ್ಪಿನಡಿಯ ಬಸಿಗೆ ಸುರಿದುಕೊಂಡು ಒಮ್ಮೆ ಸುರ್ ಎಂದೆಳೆದು, "ಹಾಂ! ಛಲೋ ಆಗೈತಿ," ಎಂದರು.

"ಅಂದ್ರು! ಮಾವಾರು ಅಂದ್ರು!" ಎಂದೆ.

"ಪದ್ಮಕ್ಕನ ಚಾಕ್ಕ ಅಂದಾನ," ಎಂದಳು ಶೇವಂತಿ.

ಇಂಥ ಜನರ ನಡುವೆ ಇರುವುದೇ ಬೇಡವೆಂದು ಕೆಟಲ್ ಎತ್ತಿಕೊಂಡು ಅಡುಗೆಮನೆ ಸೇರಿದೆ. ಸ್ವಲ್ಪ ಹೊತ್ತಿಗೆ ಶೇವಂತಿ ಆ ಕ್ಯಾನಿನ ಚಹಾ ಒಂದು ಕಪ್ಪು, ಒಂದು ಬಸಿ ತಂದು ಮುಂದಿಟ್ಟಳು. "ಕುಡೀರಿ. ದುಃಖದಾಗಿದ್ದವ್ರು ಏನರೆ ತಗೋಬೇಕು," ಎಂದು ಹೊರಗೆ ಹೋದಳು. ಮುಟ್ಟಬಾರದೆಂದುಕೊಂಡೆ. ಆದರೆ ಬೆಳಗಿನಿಂದ ನನ್ನ ಹೊಟ್ಟೆಗೆ ಬಿದ್ದಿದ್ದು ಆ ಕೆಟಲ್‌ನ ಬಣ್ಣದ ನೀರೊಂದೇ. ಇದೋ ಕೆಂಪಗೆ ಕುದ್ದದ್ದು, ಶುಂಠಿಯ ಘಮ, ಮೇಲೆ ದಪ್ಪ ಕೆನೆ. ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ಬಸಿಗೆ ಸುರಿದು, ಕಣ್ಣು ಮುಚ್ಚಿ, ಸುರ್ರೆಂದು ಎಳೆದೆ.

"ಆಹಾ, ಛಲೋ ಆಗೈತಿ!"

ಹೊರಗೆ ಕಟ್ಟೆಯ ಮೇಲೆ ಮತ್ತೊಮ್ಮೆ ನಗು ಸಿಡಿಯಿತು. "ನಾಳಿ ಮುಂಜಾನಿ ಲಗೂನ ಏಳ್ರೀ!" ಎಂದು ಶೇವಂತಿ ಕೂಗಿದಳು. ನನ್ನ ದನಿ ಮುಚ್ಚಲು ಮುತ್ತಣ್ಣನ ಮಗ್ಗ ಇನ್ನೂ ಶುರುವಾಗಿರಲಿಲ್ಲ.