ಕಟಕಟೆಯ ಮೇಲೆ ಹರವಿದ ಬಟ್ಟೆ

ನಾಚಿಕೆಯ ಸ್ವಭಾವದವರೆಲ್ಲ ಒಳ್ಳೆಯವರು ಎಂದು ಜನ ನಂಬಿಬಿಡುತ್ತಾರೆ. ಬಾಯಿಯೇ ಬಿಡದವರು ಯಾರ ಮನಸ್ಸನ್ನು ನೋಯಿಸಿಯಾರು ಎಂಬ ಭರವಸೆ. ಮಕ್ಕಳೇ, ನಿಮ್ಮ ಅಜ್ಜಿಯ ಬಗ್ಗೆಯೂ ಊರಲ್ಲಿ ಇದೇ ಅಭಿಪ್ರಾಯವಿದೆ. ಅದು ಪೂರಾ ನಿಜವಲ್ಲ. ಬಾಯಿ ಇರುವ ಹೆಂಗಸು ಒಂದು ಮಾತಿನಲ್ಲಿ ಮುಗಿಸುವ ಕೆಲಸಕ್ಕೆ ನನಗೆ ಆರು ಒದ್ದೆ ಲಂಗಗಳು ಬೇಕಾದವು.

ನಮ್ಮೂರ ಹಳೆಯ ಚರ್ಚನ್ನು ಕೆಡವಿದಾಗ, ಮರದ ಸಾಮಾನನ್ನು ಗೌರವದಿಂದ ಇಟ್ಟುಕೊಳ್ಳುವವರು ಒಯ್ಯಬಹುದು ಎಂದು ಫಾದರ್ ಹೇಳಿದರು. ಒಬ್ಬರು ಕಿಟಕಿ ಒಯ್ದರು. ಇನ್ನೊಬ್ಬರು ಪಾಪನಿವೇದನೆಯ ಗೂಡಿನ ಬಾಗಿಲನ್ನು ಒಯ್ದು ಬಚ್ಚಲಿಗೆ ಹಾಕಿಸಿದರು. ಗೌರವ ಅವರವರ ಅನುಕೂಲಕ್ಕೆ ತಕ್ಕಂತೆ. ನಾನು ಜೀವಮಾನದಲ್ಲಿ ಮೊದಲ ಸಲ ಸಭೆಯಲ್ಲಿ ಕೈಯೆತ್ತಿ, ಕಟಕಟೆ ಬೇಕು ಎಂದೆ. ಬಲಿಪೀಠದ ಮುಂದೆ, ಜನ ಸಾಲಾಗಿ ಮಂಡಿಯೂರಿ ಪ್ರಸಾದ ತೆಗೆದುಕೊಳ್ಳುತ್ತಿದ್ದ ತೇಗದ ಕಟಕಟೆ ಅದು. ನಮ್ಮ ಮದುವೆಯಾದದ್ದೂ ಅದರ ಮುಂದೆಯೇ. ಆವತ್ತು ನನ್ನ ಕಾಲು ಜೋಮು ಹಿಡಿದು, ಏಳುವ ಅವಸರದಲ್ಲಿ ನಿಮ್ಮ ಅಜ್ಜನ ಕೋಟಿನ ಜೇಬು ಹಿಡಿದೆ. ಅದು ಹರಿದು ಕೈಗೆ ಬಂತು. ಸಾಯುವವರೆಗೂ ಅದನ್ನು ಹೇಳಿಕೊಂಡು ನಗುತ್ತಿದ್ದರು, ಪುಣ್ಯಾತ್ಮ.

ನಿಮ್ಮಪ್ಪ ಆಗಷ್ಟೇ ಹೊಸ ಮನೆ ಕಟ್ಟಿಸುತ್ತಿದ್ದ. ಅಜ್ಜಂಪುರದಿಂದ ಬಡಗಿಯನ್ನು ಕರೆಸಿ, ಕಟಕಟೆಯನ್ನು ಮುಂದಿನ ವರಾಂಡದ ಅಂಚಿಗೆ ಕೂರಿಸಿದ. ಅದರ ಹೊರಗೆ ಒಂದು ಉದ್ದನೆಯ ಮೆಟ್ಟಿಲು, ಒಳಗೆ ನೇರಕ್ಕೆ ಬಾಗಿಲು. ಎಲ್ಲರೂ ಹೊಗಳಿದರು. ನಾನೂ ಒಳಗೊಳಗೇ ಉಬ್ಬಿದೆ.

ಗೃಹಪ್ರವೇಶವಾಗಿ ವಾರವಾಗಿರಲಿಲ್ಲ. ಸಂಜೆ ನಾಲ್ಕಕ್ಕೆ ಹಿಂದಿನ ಬೀದಿಯ ಇನ್ನಾಸಮ್ಮಕ್ಕ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು. ಮೆಟ್ಟಿಲ ಮೇಲೆ ಮಂಡಿಯೂರಿ ಕಟಕಟೆಗೆ ಮೊಣಕೈ ಕೊಟ್ಟು ಜಪಸರ ತೆಗೆದರು. ಮುಗಿದ ಮೇಲೆ ಅದನ್ನೇ ಹಿಡಿದು ಎದ್ದು, "ಹೊಸ ಚರ್ಚಲ್ಲಿ ಹಿಡ್ಕಂಡು ಏಳಕ್ಕೆ ಏನೂ ಇಲ್ಲ ಕಣೇ ತೆರೇಸ. ಮಂಡಿ ಊರುದ್ರೆ ಮುಂದಿನ್ ಭಾನ್ವಾರದ್ ಗಂಟ ಅಲ್ಲೇ ಇರ್ಬೇಕು" ಎಂದರು. ನಾನು ನಕ್ಕೆ. ಮಾರನೆಯ ದಿನವೂ ಬಂದರು. ಆಮೇಲೆ ದಿನಾ ಬಂದರು.

ಬಂದರೆ ನನ್ನ ಗಂಟೇನು ಹೋಯಿತು ಅನ್ನುತ್ತೀರಿ. ಆದರೆ ಮನೆಯ ಮುಂದೆ ಒಬ್ಬರು ದೇವರ ಹತ್ತಿರ ಮಾತಾಡುತ್ತಿರುವಾಗ ಒಳಗೆ ಮಿಕ್ಸಿ ಹಾಕಲಾಗುತ್ತದೆಯೇ? ಬೆಕ್ಕನ್ನು ಬೈಯಲಾಗುತ್ತದೆಯೇ? ಜಪದಲ್ಲಿರುವವರಿಗೆ ಕಾಫಿ ಯಾವಾಗ ಕೊಡಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಲೋಟ ಹಿಡಿದು ಬಾಗಿಲ ಹಿಂದೆ ನಿಂತು ನಿಂತು, ಆರಿದ ಮೇಲೆ ನಾನೇ ಕುಡಿಯುತ್ತಿದ್ದೆ. ಒಮ್ಮೆ ಮರೆತು ಬಾಗಿಲು ತೆರೆದೆ. ಸರಿಯಾಗಿ ಪ್ರಸಾದ ಕೊಡುವಾಗ ಫಾದರ್ ನಿಲ್ಲುತ್ತಿದ್ದ ಜಾಗದಲ್ಲಿ ನಾನು, ಕೈಯಲ್ಲಿ ಪೊರಕೆ, ಎದುರಿಗೆ ಕಣ್ಣು ಮುಚ್ಚಿದ ಇನ್ನಾಸಮ್ಮಕ್ಕ. ಅವತ್ತೇ ನಿಶ್ಚಯಿಸಿದೆ, ಇದು ನಿಲ್ಲಬೇಕು. ಹೇಳುವ ಧೈರ್ಯವಿಲ್ಲ. ಅದಕ್ಕೇ ಮಾರನೆಯ ದಿನ ನಾಲ್ಕಕ್ಕೆ ಮುಂಚೆ ಬಿಳಿ ಬೆಡ್‌ಶೀಟು ಒಗೆದು ಕಟಕಟೆಯ ಉದ್ದಕ್ಕೂ ಹರವಿ, ಕಿಟಕಿಯ ಸಂದಿಯಿಂದ ನೋಡುತ್ತಾ ನಿಂತೆ.

ನಾನೊಂದು ಸಂಗತಿ ಮರೆತಿದ್ದೆ. ನಾವು ಚಿಕ್ಕವರಿದ್ದಾಗ ಪ್ರಸಾದದ ಹೊತ್ತಿಗೆ ಕಟಕಟೆಯ ಮೇಲೆ ಬಿಳಿ ಬಟ್ಟೆ ಹಾಸುತ್ತಿದ್ದರು. ಅದರಡಿಗೆ ಕೈ ಹಾಕಿ ಮಂಡಿಯೂರಬೇಕಿತ್ತು. ಇನ್ನಾಸಮ್ಮಕ್ಕ ಬಂದರು, ನೋಡಿದರು, ನಿಂತೇಬಿಟ್ಟರು. ನಿಧಾನಕ್ಕೆ ಎರಡೂ ಕೈಯನ್ನು ಒದ್ದೆ ಬಟ್ಟೆಯಡಿ ಸೇರಿಸಿ, ಎಂದಿಗಿಂತ ಎರಡು ಪಟ್ಟು ಹೊತ್ತು ಜಪ ಮಾಡಿದರು. ಎದ್ದು ಮುಚ್ಚಿದ ಬಾಗಿಲಿಗೇ ಹೇಳಿದರು: "ಎಲ್ರೂ ಮರ್ತವ್ರೆ. ನೀನ್ ಮರ್ತಿಲ್ಲ ನೋಡು."

ಅಷ್ಟು ಕೇಳಿದ ಮೇಲಾದರೂ ನಾನು ಸುಮ್ಮನಾಗಬೇಕಿತ್ತು. ಮಾರನೆಯ ದಿನ ಹಸಿರು, ಕೆಂಪು, ಕಂದು ಎಂದು ಆರು ಲಂಗ ಹರವಿದೆ. ಅವರು ಬಂದು ಒಂದರ ಅಂಚನ್ನು ಮುಟ್ಟಿ, "ಒಣಗಿಲ್ಲ" ಎಂದು ತಮಗೇ ಹೇಳಿಕೊಂಡು ಹೊರಟರು. ಮೂರು ದಿನ ಹಾಗೇ ಆಯಿತು. ನಾಲ್ಕನೆಯ ದಿನ ಬರಲಿಲ್ಲ.

ಮಿಕ್ಸಿ ಧಾರಾಳವಾಗಿ ತಿರುಗಿತು. ಕಾಫಿ ಬಿಸಿಯಾಗಿಯೇ ಕುಡಿದೆ, ರುಚಿಸಲಿಲ್ಲ. ಭಾನುವಾರ ಹೊಸ ಚರ್ಚಿನಲ್ಲಿ ಎಲ್ಲರೂ ಮಂಡಿಯೂರಿದಾಗ ಇನ್ನಾಸಮ್ಮಕ್ಕ ಒಬ್ಬರೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಲೆತಗ್ಗಿಸಿ ಕೂತಿದ್ದರು. ನಾನು ಆ ಕಡೆ ನೋಡದೆ ಪ್ರಾರ್ಥನೆ ಮಾಡಿದೆ. ಏನು ಪ್ರಾರ್ಥಿಸಿದೆನೋ, ದೇವರಿಗೂ ಅರ್ಥವಾಗಿರಲಾರದು.

ಹದಿನೈದು ದಿನ ಬಿಟ್ಟು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಅವರ ಮನೆಗೆ ಹೋದೆ. ಕರೆಯಬೇಕೆಂದೇ ಹೋದದ್ದು, ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿಕೊಂಡೆ. ಅವರು ರೊಟ್ಟಿ ತೆಗೆದುಕೊಂಡು ಕೇಳಿದರು: "ಬಟ್ಟೆ ಒಣಗಿದ್ವೇನವ್ವ?"

"ಒಣಗಿದ್ವು ಅಕ್ಕ" ಎಂದೆ. ಮುಂದಿನ ಮಾತು, ಬನ್ನಿ ಎಂಬ ಎರಡೇ ಅಕ್ಷರ, ಹೊರಗೆ ಬರಲೇ ಇಲ್ಲ. ಅವರು ನನ್ನ ಮುಖ ನೋಡಿ, ನನ್ನ ಪರವಾಗಿ ತಾವೇ ನೆಪ ಹುಡುಕಿಕೊಟ್ಟರು: "ಬಿಡು, ನಂಗೂ ಈಗ ಅಷ್ಟ್ ದೂರ ನಡ್ಯಕ್ಕಾಗಲ್ಲ." ಎರಡು ಬೀದಿಯೂ ಇಲ್ಲ, ಮಕ್ಕಳೇ.

ಈಗ ಆ ಮೆಟ್ಟಿಲ ಮೇಲೆ ನಾನೇ ಮಂಡಿಯೂರಿ ತಪ್ಪು ಒಪ್ಪಿಕೊಳ್ಳಬೇಕು ಎನಿಸುತ್ತದೆ. ಬೀದಿಯವರು ನೋಡಿದರೆ ಎಂಬ ನಾಚಿಕೆ. ಅದಕ್ಕೇ ಒಂದು ಚಿಂದಿಬಟ್ಟೆ ಹಿಡಿದು, ಕಟಕಟೆಯ ಕೆಳಗಿನ ಪಟ್ಟಿ ಒರೆಸುವವಳಂತೆ ಮಂಡಿಯೂರುತ್ತೇನೆ. ನಮ್ಮಜ್ಜಿ ಕಟಕಟೆಯನ್ನು ಎಷ್ಟು ಚೊಕ್ಕಟವಾಗಿ ಇಟ್ಟಿದ್ದಾರೆ ಎಂದು ನೀವು ಬಂದವರಿಗೆಲ್ಲ ತೋರಿಸುತ್ತೀರಿ. ನಾನು ಸುಮ್ಮನೆ ತಲೆತಗ್ಗಿಸುತ್ತೇನೆ. ಅದನ್ನೂ ನೀವು ನಾಚಿಕೆ ಅಂದುಕೊಳ್ಳುತ್ತೀರಿ.