ಹೊಸ ಗಾಡಿ, ಹಳದಿ ದೀಪ

ಹೊಸ ಗಾಡಿ ಕೆಡುವುದಿಲ್ಲ ಅಂತ ಜನ ಇನ್ನೂ ನಂಬುತ್ತಾರಲ್ಲ, ಆ ನಂಬಿಕೆಯಿಂದಲೇ ನನ್ನ ಹೊಟ್ಟೆಪಾಡು ನಡೆಯುತ್ತಿರುವುದು. ಪೀಣ್ಯದಲ್ಲಿ ಡೀಸೆಲ್ ಪಿಕಪ್ ಗಾಡಿಗಳ ಸರ್ವಿಸ್ ಸೆಂಟರೊಂದರ ವಾರಂಟಿ ಡೆಸ್ಕಿನಲ್ಲಿ ಕೂತು ಒಂಬತ್ತು ವರ್ಷವಾಯಿತು. ಗಾಡಿ ಕೆಟ್ಟವರು ನನ್ನ ಮುಂದೆ ಬಂದು ಕೂಗಾಡುತ್ತಾರೆ. ಆ ಕೂಗಾಟವನ್ನು ನಾನು ಸಭ್ಯ ಇಂಗ್ಲಿಷಿಗೆ ತಿರುಗಿಸಿ ಹೆಡ್ಡಾಫೀಸಿಗೆ ಕಳಿಸುತ್ತೇನೆ. ಹೆಡ್ಡಾಫೀಸು ಅಷ್ಟೇ ಸಭ್ಯವಾಗಿ ಆಗುವುದಿಲ್ಲ ಅನ್ನುತ್ತದೆ. ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ಆದರೆ ಒಂದೇ ಗಾಡಿಯಿಂದ ಇಷ್ಟೆಲ್ಲ ನಡೆದದ್ದು ಇದೊಂದೇ ಸಲ.

ಗಾಡಿಯ ಯಜಮಾನರು ಮುದ್ದೇಬಿಹಾಳ ಕಡೆಯವರು. ಪೀಣ್ಯದಲ್ಲೇ ಹನ್ನೆರಡು ವರ್ಷ ಲೇತ್ ಮಷೀನಿನ ಮುಂದೆ ನಿಂತು, ಕೊನೆಗೊಂದು ದಿನ ಧೈರ್ಯ ಮಾಡಿ ಕೆಲಸ ಬಿಟ್ಟು, ಹೊಸ ಪಿಕಪ್ ತೆಗೆದುಕೊಂಡವರು. ಮನೆ ರಾಜಗೋಪಾಲನಗರದಲ್ಲಿ. ದಿನಾ ಬೆಳಿಗ್ಗೆ ಪೀಣ್ಯದ ಒಂದು ಕಾರ್ಖಾನೆಯಿಂದ ಯಂತ್ರದ ಬಿಡಿಭಾಗಗಳನ್ನು ತುಂಬಿಕೊಂಡು, ಎಲೆಕ್ಟ್ರಾನಿಕ್ ಸಿಟಿಯ ಇನ್ನೊಂದು ಕಾರ್ಖಾನೆಗೆ ಒಂಬತ್ತು ಗಂಟೆಯೊಳಗೆ ಮುಟ್ಟಿಸಬೇಕು. ಅಲ್ಲಿನ ಕಾನೂನು ಸರಳ. ಮೂರು ಸಲ ತಡವಾದರೆ ಗಾಡಿ ಬದಲು. ಬದಲು ಅಂದರೆ ಬೇರೆಯವರ ಗಾಡಿ.

ನಾಲ್ಕು ಕಣ್ಣು

ಮೊದಲ ದೂರು ಸಣ್ಣದು. ರಿವರ್ಸ್ ಗೇರು ಹಾಕಿದರೆ ಸಾಕು, ಹಿಂದೆ ಯಾರೋ ನಿಂತಿದ್ದಾರೆ ಅಂತ ಗಾಡಿ ಕೀ ಕೀ ಅಂತ ಅರಚಿಕೊಳ್ಳುತ್ತಿತ್ತು. ಇವರು ಇಳಿದು ಹೋಗಿ ನೋಡುವುದು, ಯಾರೂ ಇಲ್ಲದಿರುವುದು, ಮತ್ತೆ ಹತ್ತುವುದು, ಅದು ಮತ್ತೆ ಅರಚುವುದು. ಒಂದು ದಿನ ಲೋಡಿಂಗಿಗೆ ಗಾಡಿ ಹಿಂದಕ್ಕೆ ತೆಗೆಯುವುದರಲ್ಲೇ ಅರ್ಧ ಗಂಟೆ ಹೋಗಿ ಮೊದಲ ಸಲ ತಡವಾಯಿತು.

ನಮ್ಮ ಫೋರ್‌ಮನ್ ಗಾಡಿಯ ಹಿಂದೆ ಬಗ್ಗಿ ನೋಡಿ ನನ್ನನ್ನು ಕರೆದರು. ಬಂಪರಿನಲ್ಲಿ ಅಂಗಿ ಗುಂಡಿಗಿಂತ ಸ್ವಲ್ಪ ದೊಡ್ಡದಾದ ನಾಲ್ಕು ಸೆನ್ಸರುಗಳು. ನಾಲ್ಕರ ಮೇಲೂ ವಿಭೂತಿ, ನಡುವೆ ಕುಂಕುಮ. ಒಂದು ದಿನದ್ದಲ್ಲ. ದಿನಾ ಬಳಿದು ಬಳಿದು ಗಟ್ಟಿಯಾಗಿ ಕೂತಿತ್ತು.

"ಏನಣ್ಣ ಇದು?" ಅಂದೆ.

"ಗಾಡಿ ಕೊಡೂ ಮುಂದ ಶೋರೂಮಿನವ್ರ ಹೇಳಿದ್ರಲ್ರೀ ಅಕ್ಕಾರ, ಇವು ಗಾಡೀದು ಹಿಂದಿನ ಕಣ್ಣು, ಚಲೋ ನೋಡ್ಕೋರಿ ಅಂತ. ಒಂದ್ ದಿನಾನೂ ತಪ್ಪಿಸಿಲ್ರೀ, ಬೇಕಾರ ನಮ್ಮ ಮನ್ಯಾಗ ಕೇಳ್ರಿ."

ಒರೆಸಿದ ಕೂಡಲೇ ಗಾಡಿ ಬಾಯಿ ಮುಚ್ಚಿತು. ಆದರೆ ಒದ್ದೆ ವಿಭೂತಿ ಒಳಗಿಳಿದು ಒಂದು ಸೆನ್ಸರ್ ಕೆಟ್ಟೇ ಹೋಗಿತ್ತು. ಫೋಟೋ ತೆಗೆದು ಕ್ಲೇಮ್ ಹಾಕಿದೆ. ಹೆಡ್ಡಾಫೀಸಿನಿಂದ ಪ್ರಶ್ನೆ ಬಂತು. ಫೋಟೋದಲ್ಲಿ ಕಾಣುವ ಬಿಳಿ ಪುಡಿ ಯಾವುದು, ಗಿರಾಕಿ ಸಿಮೆಂಟು ಸಾಗಿಸುತ್ತಾರೆಯೇ? ಇಲ್ಲ, ಭಕ್ತಿ ಅಂತ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು: "ಭಕ್ತಿಯಿಂದಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ."

ಗಾಡಿಯ ವಾಕಿಂಗ್

ಹದಿನೈದು ದಿನಕ್ಕೆ ಮತ್ತೆ ಬಂದರು. ಈ ಸಲ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಆ ದೀಪ ಹತ್ತಿದರೆ ಎಷ್ಟು ತುಳಿದರೂ ಗಾಡಿ ಇಪ್ಪತ್ತರ ಮೇಲೆ ಹೋಗುವುದಿಲ್ಲ.

ನಾನು ಸಮಾಧಾನವಾಗಿ ವಿವರಿಸಿದೆ. ಈಗಿನ ಡೀಸೆಲ್ ಗಾಡಿಗಳಲ್ಲಿ ಹೊಗೆ ಹೋಗುವ ದಾರಿಯಲ್ಲಿ ಒಂದು ಫಿಲ್ಟರ್ ಇರುತ್ತದೆ. ಮಸಿ ಅದರಲ್ಲಿ ಕೂರುತ್ತದೆ. ತುಂಬಿದಾಗ ಗಾಡಿ ತಾನೇ ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಅದಕ್ಕೆ ನೀವು ಮಾಡಬೇಕಾದ್ದು ಇಷ್ಟೇ, ದೀಪ ಹತ್ತದಿರುವಾಗ ಆಗಾಗ ಅರವತ್ತರ ವೇಗದಲ್ಲಿ, ಎಲ್ಲೂ ನಿಲ್ಲಿಸದೆ, ಇಪ್ಪತ್ತೈದು ನಿಮಿಷ ಓಡಿಸಬೇಕು.

ಅವರು ಗಂಭೀರವಾಗಿ ಕೇಳಿಸಿಕೊಂಡು, "ಆತ್ರೀ. ಎಲ್ಲಿ?" ಅಂದರು.

ನಾನು ಫೋರ್‌ಮನ್ ಮುಖ ನೋಡಿದೆ. ಫೋರ್‌ಮನ್ ಮ್ಯಾನೇಜರ್ ಮುಖ ನೋಡಿದರು. ಮ್ಯಾನೇಜರ್ ಫೋನ್ ಬಂದವರ ಹಾಗೆ ಎದ್ದು ಹೋದರು. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಇಪ್ಪತ್ತೈದು ನಿಮಿಷ ನಿಲ್ಲಿಸದೆ ಓಡಿಸುವುದಿರಲಿ, ಇಪ್ಪತ್ತೈದು ನಿಮಿಷದಲ್ಲಿ ಅದನ್ನು ದಾಟಿದರೆ ಅವತ್ತು ಯಾರ ಮುಖ ನೋಡಿ ಎದ್ದೆವೋ ಅನ್ನಬೇಕು. ಸಿಲ್ಕ್ ಬೋರ್ಡಿನ ಮಾತೇ ಬೇಡ. ಹೆಡ್ಡಾಫೀಸಿಗೆ ಬರೆದು ಕೇಳಿದೆ, ಬೆಂಗಳೂರಿನಲ್ಲಿ ಯಾವ ರಸ್ತೆ ಅಂತ. ಇದು ತಾಂತ್ರಿಕ ವಿಭಾಗಕ್ಕೆ ಸಂಬಂಧಿಸಿದ ಪ್ರಶ್ನೆಯಲ್ಲ ಅಂತ ಉತ್ತರ ಬಂತು.

ಕೊನೆಗೆ ಫೋರ್‌ಮನ್ನೇ ದಾರಿ ತೋರಿಸಿದರು. "ಅಣ್ಣ, ಸಾಯಂಕಾಲ ಕೆಲ್ಸ ಮುಗುದ್ಮೇಲೆ ತುಮಕೂರು ರೋಡಲ್ಲಿ ನೆಲಮಂಗಲ ದಾಟಿ ಒಂದು ರೌಂಡ್ ಓಡ್ಸ್ಕೊಂಡ್ ಬಂದ್ಬಿಡಿ."

ಅವತ್ತಿನಿಂದ ಅದೇ ವ್ರತವಾಯಿತು. ಸಾಯಂಕಾಲ ಖಾಲಿ ಗಾಡಿ ತೆಗೆದು, ಪಕ್ಕದಲ್ಲಿ ಹೆಂಡತಿಯ ತಾಯಿ, ಅಂದರೆ ತಮ್ಮ ಅತ್ತೆಯವರನ್ನು ಕೂರಿಸಿಕೊಂಡು, ಡಾಬಸ್‌ಪೇಟೆಯವರೆಗೆ ಹೋಗಿ ಬರುವುದು. ಗಾಡಿಗೆ ಆರೋಗ್ಯ, ಅತ್ತೆಗೆ ಗಾಳಿ. ಬೀದಿಯವರು ಕೇಳಿದರಂತೆ, "ದಿನಾ ಎಲ್ಲಿಗಣ್ಣ ಸವಾರಿ?"

"ವಾಕಿಂಗಿಗ್ರೀ."

"ಗಾಡೀಲಿ ಕೂತ್ಕೊಂಡು ವಾಕಿಂಗಾ?"

"ವಾಕಿಂಗ್ ಗಾಡೀದ್ರೀ. ನಾವು ಸುಮ್ನ ಜತಿಗೆ ಹೊಕ್ಕೀವಿ."

ದಣಿವು

ಇಷ್ಟಾದರೂ ದೀಪ ಹತ್ತಿತು. ಎರಡನೆಯ ಸಲ ತಡವಾಯಿತು. ಆ ದಿನ ಅವರು ಕೂಗಾಡಲಿಲ್ಲ, ಅದೇ ನನಗೆ ಕಷ್ಟವಾದದ್ದು. ಕುರ್ಚಿಯ ತುದಿಯಲ್ಲಿ ಕೂತು, "ಇನ್ನೊಂದ ಉಳದೈತ್ರೀ ಅಕ್ಕಾರ. ಅದೂ ಹೋದ್ರ ಮತ್ತ ಲೇತಿನ ಮುಂದ ನಿಂದ್ರೂದು. ಈಗ ಆ ಹಳೇ ಮಾಲಕ್ರರ ತಿರುಗಿ ತಗೋತಾರೋ ಇಲ್ಲೋ" ಅಂದರು. ಕೂಗಾಡುವವರಿಗೆ ಕೊಡಲು ನನ್ನ ಹತ್ತಿರ ಹತ್ತು ಉತ್ತರಗಳಿವೆ, ಇಂಥವರಿಗೆ ಒಂದೂ ಇಲ್ಲ.

ಸಾಯಂಕಾಲ ನಾನೇ ಅವರ ಜೊತೆ ಗಾಡಿಯ ವಾಕಿಂಗಿಗೆ ಹೊರಟೆ. ಅತ್ತೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಡಲಿಲ್ಲ, ನಡುವೆ ಮುದುಡಿ ಕೂತೆ. ನೆಲಮಂಗಲ ದಾಟಿದ ಮೇಲೆ ಗಾಡಿ ಅರವತ್ತರಲ್ಲಿ ಚೆನ್ನಾಗಿಯೇ ಓಡಿತು. ಹತ್ತು ನಿಮಿಷಕ್ಕೆ ಎಂಜಿನ್ನಿನ ಸದ್ದು ಬದಲಾಯಿತು, ಫ್ಯಾನು ಜೋರಾಗಿ ತಿರುಗತೊಡಗಿತು. ಅಂದರೆ ಮಸಿ ಸುಡುವುದು ಶುರುವಾಗಿತ್ತು. ಸದ್ಯ ಅಂದುಕೊಂಡೆ. ಅಷ್ಟರಲ್ಲಿ ಇವರು ಗಾಡಿಯನ್ನು ಪಕ್ಕಕ್ಕೆ ತೆಗೆದು, ಎಂಜಿನ್ ಆಫ್ ಮಾಡಿ, ಇಳಿದೇಬಿಟ್ಟರು. ಅತ್ತೆ ಕಾಲಡಿಯಿಂದ ನೀರಿನ ಕ್ಯಾನು ಎತ್ತಿ ಕೊಟ್ಟರು. ಇವರು ನಾಲ್ಕೂ ಚಕ್ರಕ್ಕೆ ನೀರು ಹಾಕಿ, ಬಾನೆಟ್ಟಿನ ಮೇಲೆ ಒದ್ದೆ ಬಟ್ಟೆ ಹಾಸಿ, ಅದನ್ನೊಮ್ಮೆ ತಟ್ಟಿದರು.

"ಯಾಕಣ್ಣ ನಿಲ್ಸಿದ್ರಿ?"

"ಉಸರ ಬಿಡಾಕತ್ತಿತ್ತಲ್ರೀ, ಕೇಳಲಿಲ್ಲೇನು? ದಿನಾ ಇಲ್ಲೇ ದಣೀತೈತ್ರೀ. ಹತ್ತ ನಿಮಿಷ ಸುಧಾರಿಸ್ಕೊಳ್ಳಿ ಅಂತ ಬಿಡ್ತೀನಿ."

"ಅಯ್ಯೋ, ನಡುವೆ ಆಫ್ ಮಾಡಬಾರದು ಅಂತ ಹೇಳಿದ್ನಲ್ಲ!"

ಉತ್ತರ ಅತ್ತೆಯಿಂದ ಬಂತು. "ನಿಮ್ಮ ಕಂಪನಿಗೆ ಕರುಳ ಇಲ್ಲಂದ್ರ ನಮಗೂ ಇರಬಾರ್ದೇನವಾ?"

ಫೋರ್‌ಮನ್ನರ ಲುಂಗಿ

ಕರುಣೆ ನಿಂತಿತು, ದೀಪ ನಿಲ್ಲಲಿಲ್ಲ. ಫೋರ್‌ಮನ್ ತಲೆ ಕೆರೆದುಕೊಂಡು ಒಂದು ತೀರ್ಮಾನಕ್ಕೆ ಬಂದರು. ಫಿಲ್ಟರಿನಲ್ಲಿ ಮಸಿ ಎಷ್ಟಿದೆ ಅಂತ ಅಳೆಯುವ ಸೆನ್ಸರೇ ಕೆಟ್ಟಿದೆ, ಫಿಲ್ಟರ್ ಖಾಲಿ ಇದ್ದರೂ ತುಂಬಿದೆ ಅಂತ ಸುಳ್ಳು ಹೇಳುತ್ತಿದೆ. ಹೊಸ ಸೆನ್ಸರ್ ಹಾಕಿದರೆ ಮುಗಿಯಿತು. ಆದರೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಹೆಡ್ಡಾಫೀಸೇ ಕಳಿಸಬೇಕು. ಹೆಡ್ಡಾಫೀಸಿಗೆ ದೀಪ ಹತ್ತಿರುವ ವಿಡಿಯೋ ಬೇಕು.

ಇಲ್ಲೇ ತೊಡಕು. ಗಾಡಿ ನಮ್ಮ ಗೇಟಿನೊಳಗೆ ಬಂದರೆ ದೀಪ ಆರುತ್ತಿತ್ತು, ಡಾಕ್ಟರ ಮುಂದೆ ಕೂರಿಸಿದ ಮಗುವಿನ ಜ್ವರ ಇಳಿದ ಹಾಗೆ. ಮೂರು ದಿನ ಮಧ್ಯಾಹ್ನ ಫೋರ್‌ಮನ್ ಆ ಗಾಡಿಯಲ್ಲೇ ಕೂತು ಬುತ್ತಿ ಬಿಚ್ಚಿದರು. ದೀಪ ಜಪ್ಪಯ್ಯ ಅಂದರೂ ಹತ್ತಲಿಲ್ಲ.

"ಯೂನಿಫಾರ್ಮ್ ಕಂಡ್ರೆ ಎದ್ರ್ಕೊಳ್ತದೆ ಕಣಮ್ಮ ಇದು," ಅಂದರು ಅವರು. ಮೂವತ್ತು ವರ್ಷ ಎಂಜಿನ್ ಬಿಚ್ಚಿದ ಮನುಷ್ಯ ತಮಾಷೆಗೆ ಹೇಳುತ್ತಿರಲಿಲ್ಲ. ಭಾನುವಾರ ಲುಂಗಿ ಉಟ್ಟು, ಹೆಗಲಿಗೆ ಟವಲ್ಲು ಹಾಕಿಕೊಂಡು, ಚಿಕ್ಕಬಾಣಾವರದ ತಮ್ಮ ಮನೆಯ ಮುಂದೆ ಏನೂ ಗೊತ್ತಿಲ್ಲದವರ ಹಾಗೆ ಗಾಡಿ ಹತ್ತಿದರು. ನಾನೂ ಕೊರಳಿನ ಐಡಿ ಕಾರ್ಡು ತೆಗೆದು ಬ್ಯಾಗಿನೊಳಗೆ ಹಾಕಿಕೊಂಡೆ. ರೈಲ್ವೆ ಸ್ಟೇಷನ್ ದಾಟುವಷ್ಟರಲ್ಲಿ ದೀಪ ಹತ್ತಿತು! ಯಜಮಾನರೂ ಸೇರಿ ಮೂವರೂ ಮ್ಯಾಚ್ ಗೆದ್ದವರ ಹಾಗೆ ಕೂಗಿಕೊಂಡೆವು. ಗಾಡಿ ಕೆಟ್ಟದ್ದಕ್ಕೆ ಅಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಿಕ್ಕಿಲ್ಲ. ವಿಡಿಯೋದಲ್ಲಿ ದೀಪ, ವೇಗದ ಮುಳ್ಳು, ಫೋರ್‌ಮನ್ ತೋರಿಸುತ್ತಿದ್ದ ಬೆರಳು, ಎಲ್ಲ ಸ್ಪಷ್ಟವಾಗಿ ಬಂತು.

ಕ್ಲೇಮ್ ತಿರಸ್ಕಾರವಾಯಿತು. ಕಾರಣ: "ಲುಂಗಿ ಉಟ್ಟ ಅನಧಿಕೃತ ಮೆಕ್ಯಾನಿಕ್ ಒಬ್ಬರು ವಾಹನವನ್ನು ಮುಟ್ಟುತ್ತಿರುವುದು ಕಂಡುಬಂದಿದೆ."

ಕಣ್ಣಾರೆ

ನನಗೆ ರೇಗಿಹೋಯಿತು. ಆ ಸಿಟ್ಟಿನಲ್ಲಿ ಕಳಿಸಿದ ಮೇಲ್ ಅಚ್ಚಕನ್ನಡದಲ್ಲಿತ್ತು. ಅಲ್ಲಿ ಯಾರು ಯಾರಿಗೆ ಓದಿ ಹೇಳಿದರೋ, ವಾರದಲ್ಲಿ ಹೆಡ್ಡಾಫೀಸಿನ ವಾರಂಟಿ ಸಾಹೇಬರೇ ಬಂದಿಳಿದರು. ಇಸ್ತ್ರಿ ಮುರಿಯದ ಬಿಳಿ ಶರಟು, ಕೈಯಲ್ಲಿ ಟ್ಯಾಬ್. "ನಾನು ಕಣ್ಣಾರೆ ನೋಡ್ದೆ ಯಾವ್ದನ್ನೂ ಅಪ್ರೂವ್ ಮಾಡಲ್ಲ" ಅಂದರು. ಮರುದಿನ ಬೆಳಿಗ್ಗೆ ಆರೂವರೆಗೆ ಲೋಡಿನ ಜೊತೆ ಹೊರಟೆವು. ಯಜಮಾನರ ಕೈಯಲ್ಲಿ ಸ್ಟೀರಿಂಗು, ನಡುವೆ ಸಾಹೇಬರು, ಕಿಟಕಿಗೆ ನಾನು. ಸೀಟು ಮೂರೇ ಆದ್ದರಿಂದ ದಿನಾ ಬರುವ ಲೋಡರ್ ಹುಡುಗನನ್ನು ಅವತ್ತು ಬಿಟ್ಟು ಬಂದಿದ್ದರು.

ಎಲೆಕ್ಟ್ರಾನಿಕ್ ಸಿಟಿಯ ಫ್ಲೈಓವರ್ ಮೇಲೆ, ಎಂಟೂಕಾಲಿಗೆ, ದೀಪ ಹತ್ತಿತು. ಗಾಡಿ ಇಪ್ಪತ್ತಕ್ಕೆ ಇಳಿಯಿತು. ಹಿಂದಿನ ಕಾರಿನವರೆಲ್ಲ ಹಾರ್ನ್ ಹೊಡೆದು, ನಮ್ಮನ್ನು ದುರುಗುಟ್ಟಿ ನೋಡಿ ಮುಂದೆ ಹೋದರು. ಯಜಮಾನರು ಗಳಿಗೆಗೊಮ್ಮೆ ಗಡಿಯಾರ ನೋಡಿಕೊಳ್ಳುತ್ತಿದ್ದರು. ಸಾಹೇಬರೊಬ್ಬರೇ ಖುಷಿಯಾಗಿ ಟ್ಯಾಬಿನಲ್ಲಿ ಬರೆದುಕೊಳ್ಳುತ್ತಿದ್ದರು. ಹಾಗೇ ತೆವಳುತ್ತಾ ಕಾರ್ಖಾನೆಯ ಗೇಟು ಕಾಣುವ ತಿರುವಿಗೆ ಬಂದು, ಎದುರಿನ ಬಸ್ಸಿಗೆ ದಾರಿ ಬಿಡಲು ನಿಂತೆವು. ಇನ್ನೂ ಹನ್ನೆರಡು ನಿಮಿಷವಿತ್ತು. ಬದುಕಿದೆವು ಅಂದುಕೊಂಡೆ.

"ಒಂದ್ಸಲ ಆಫ್ ಮಾಡಿ ಆನ್ ಮಾಡಿ, ದೀಪ ಹೋಗುತ್ತಾ ನೋಡೋಣ," ಅಂದರು ಸಾಹೇಬರು.

"ಬ್ಯಾಡ್ರೀ ಸಾರ, ಮದ್ಲ ಒಳಗ ಹೋಗೂಣು."

"ಪ್ರೊಸೀಜರ್ ಕಣ್ರೀ," ಅಂತ ತಾವೇ ಕೈ ಚಾಚಿ ಕೀಲಿ ತಿರುಗಿಸಿದರು. ಆಫ್ ಆಯಿತು. ಆಮೇಲೆ ಎಷ್ಟು ತಿರುಗಿಸಿದರೂ ಆನ್ ಆಗಲಿಲ್ಲ.

"ಇಳೀರಿ ಸಾರ! ನೂಕ್ರಿ! ನನ್ನ ಅನ್ನದ ಪ್ರಶ್ನೆ ಐತಿ!" ಅಂತ ಯಜಮಾನರು ಕೂಗಿದ ಕೂಗಿಗೆ ಬಸ್ಸಿನಿಂದ ಇಳಿದವರೂ ತಿರುಗಿ ನೋಡಿದರು. ಸಾಹೇಬರು ತಾವು ಪರಿಶೀಲನೆಗೆ ಮಾತ್ರ ಬಂದವರು ಅಂತ ಶುರು ಮಾಡಿದರು. ನಾನು ಟ್ಯಾಬನ್ನು ಅವರ ಕೈಯಿಂದ ಕಿತ್ತು ಸೀಟಿನ ಮೇಲಿಟ್ಟು, "ಇಳೀರಿ ಸಾರ್" ಅಂದೆ. ಒಂಬತ್ತು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗೆ ಹಾಗೆ ಗದರಿದ್ದು ಅದೇ ಮೊದಲು. ಅವರು ಇಳಿದರು, ನೂಕಿದರು. ಕೆಲಸಕ್ಕೆ ಹೊರಟಿದ್ದ ಐದಾರು ಜನ ಬ್ಯಾಗು ಬೆನ್ನಿಗೇರಿಸಿ ಕೈ ಹಚ್ಚಿದರು. ಎಂಟು ಐವತ್ತೇಳಕ್ಕೆ ಗಾಡಿ ಗೇಟಿನ ಗೆರೆ ದಾಟಿತು.

ಗೇಟಿನ ಸೆಕ್ಯುರಿಟಿ ರಿಜಿಸ್ಟರ್ ತೆಗೆದ. "ಗಾಡಿ ಜೊತೆ ಡ್ರೈವರ್ ಒಬ್ರು, ಲೋಡರ್ ಒಬ್ರು, ವಿಸಿಟರ್ ಒಬ್ರು. ಮೂರೂ ಸೈನ್ ಆದ್ರೇನೇ ಟೈಮ್ ಹಾಕೋದು." ನನಗೆ ವಿಸಿಟರ್ ಪಾಸ್ ಕೊಟ್ಟ. ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದ. ಮಸಿ ಬಳಿದ ಶರಟು, ಬೆವರು, ಏದುಸಿರು. ಏನೂ ಕೇಳದೆ ಲೋಡರ್ ಅಂತ ಬರೆದು ಕಿತ್ತಳೆ ಜಾಕೆಟ್ಟು ಕೈಗಿಟ್ಟ. ಸಾಹೇಬರು ಬಾಯಿ ತೆರೆದರು. ಯಜಮಾನರು ಎರಡೂ ಕೈ ಮುಗಿದರು. "ಸಹಿ ಮಾಡ್ರಿ ಸಾರ, ಪುಣ್ಯಾ ಬರ್ತೈತಿ." ಸಹಿ ಬಿತ್ತು. ಎಂಟು ಐವತ್ತೊಂಬತ್ತು. ಮೂರನೆಯ ತಡ ತಪ್ಪಿತು.

ಆದರೆ ಅಲ್ಲಿ ಲೋಡರ್ ಅಂತ ಸಹಿ ಮಾಡಿದವನು ಲೋಡು ಇಳಿಸಲೇಬೇಕು. ಇಪ್ಪತ್ತೆರಡು ಪೆಟ್ಟಿಗೆ. ಒಂದು ಕಡೆ ಯಜಮಾನರು, ಇನ್ನೊಂದು ಕಡೆ ಸಾಹೇಬರು. ಹನ್ನೊಂದು ಪೆಟ್ಟಿಗೆ ಮುಗಿದ ಮೇಲೆ ಸಾಹೇಬರು ನೆಲದ ಮೇಲೆ ಕೂತು, ನನ್ನಿಂದ ಟ್ಯಾಬ್ ಇಸಿದುಕೊಂಡು, ಅಲ್ಲೇ ಸೆನ್ಸರ್ ಅಪ್ರೂವ್ ಮಾಡಿದರು. ಆ ಇಂಗ್ಲಿಷ್ ಅಕ್ಷರಗಳನ್ನು ಓದಲು ಬಾರದಿದ್ದರೂ ಯಜಮಾನರು ಬಹಳ ಹೊತ್ತು ನೋಡಿ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು. ಆಮೇಲೆ ಉಳಿದ ಹನ್ನೊಂದನ್ನೂ ಇಬ್ಬರೂ ಇಳಿಸಿದರು.

ಅಷ್ಟರಲ್ಲಿ ಪೆಟ್ಟಿಗೆ ಎಣಿಸಲು ಸ್ಟೋರಿನ ಮೇಲ್ವಿಚಾರಕರು ಬಂದರು. ಎಣಿಸಿ, ತಟ್ಟಿ ನೋಡಿ, ಯಜಮಾನರ ಕಡೆ ತಿರುಗಿದರು.

"ನಿಮ್ ಗಾಡಿ ನಂಬೋ ಹಾಗಿಲ್ಲ ಬಿಡಿ. ಆದ್ರೆ ಲೋಡರ್ ಸಕ್ಕತ್ತಾಗಿದಾನೆ, ಒಂದು ಪೆಟ್ಟಿಗೆನೂ ಕುಕ್ಕಲಿಲ್ಲ. ನಾಳೆಯಿಂದ ಇವನ್ನೇ ಕರ್ಕೊಂಡ್ ಬನ್ನಿ."

ಯಜಮಾನರು ನಾಚಿಕೊಂಡು, "ಆಗಂಗಿಲ್ರೀ ಸಾರ. ಇವ್ರು ವಾರಂಟಿ ಒಳಗ ಬಂದೋರು. ಗಾಡಿ ಕೆಟ್ರ ಅಷ್ಟ ಬರ್ತಾರ" ಅಂದರು.

"ಹಾಗಾದ್ರೆ ದಿನಾ ಬರ್ತಾರಲ್ಲ, ಇನ್ನೇನು!" ಅಂದರು ಅವರು.